ಚಿಪ್ಪಿನ ಗೆಜ್ಜೆ

ಗೆಜ್ಜೆ ಮತ್ತೆ ಗಿಡ್ಡವಾಗಿತ್ತು.

"ನಿಮ್ಮ ಟೇಪಿಗೇ ಏನೋ ಆಗಿದೆ, ಮಿಸ್," ಅಂದ ಎರಾಸ್ಮೊ. ಜಗಲಿಯ ಮೆಟ್ಟಿಲ ಮೇಲೆ ಕೂತು ಪ್ಯಾಂಟನ್ನು ಮೊಣಕಾಲ ಮೇಲಕ್ಕೆ ಮಡಚಿದ್ದ. ಚಿಪ್ಪು ಹೊಲಿದ ಪಟ್ಟಿಯನ್ನು ಮೊಣಕಾಲ ಕೆಳಗೆ ಸುತ್ತಿ ಎರಡು ತುದಿಗಳನ್ನೂ ಎಳೆದು ತೋರಿಸಿದ. ಅವು ಒಂದನ್ನೊಂದು ಮುಟ್ಟುವುದಕ್ಕೆ ಇನ್ನೂ ಒಂದು ಬೆರಳಿನಷ್ಟು ಬಟ್ಟೆ ಬೇಕಿತ್ತು.

ಬಸೀಲಿಯ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನನ್ನು ತೆಗೆದು ತೋಳಿಗೆ ಚುಚ್ಚಿಕೊಂಡಳು. "ಟೇಪು ಸರಿಯಾಗಿದೆ. ಹೋದ ವಾರವೂ ಉದ್ದ ಮಾಡಿಕೊಟ್ಟಿದ್ದೀನಿ. ನಿಮ್ಮ ಕಾಲೇ ಹಟ ಹಿಡಿದಿದೆ."

"ಕಾಲು ನನ್ನ ಮಾತೆಲ್ಲಿ ಕೇಳುತ್ತೆ? ಈ ಬೀದಿಗೆ ಹೋಗಬೇಡ ಅಂತೀನಿ, ಇಲ್ಲಿಗೇ ಬರುತ್ತೆ."

ಕಿಟಕಿಯ ಒಳಗೆ ಮರಗೆಣಸು ತುರಿಯುವ ಸದ್ದು ನಿಂತಿತು. ಅಲ್ಲಿ ಕೂತಿದ್ದವಳು ಅತ್ತೆ, ಮಾರ್ಸೆಲಿನಾ. "ಲೋ, ಈ ಬೀದೀಲಿ ಹೊಲಿಯೋರು ಇನ್ನೂ ಎಷ್ಟೋ ಜನ ಇದ್ದಾರೆ ಕಣೋ. ಅವರ ಮನೆ ದಾರಿ ಮರೆತು ಹೋಯ್ತಾ ನಿನಗೆ?"

"ದಾರಿ ಗೊತ್ತು ಅಜ್ಜಿ. ಅವರು ಕಾಫಿ ಕೊಡಲ್ಲ."

"ನಾವೂ ಕೊಟ್ಟಿಲ್ವಲ್ಲೋ!"

"ಅದಕ್ಕೇ ನೆನಪು ಮಾಡ್ತಾ ಇದ್ದೀನಿ."

ಬಸೀಲಿಯ ತಲೆ ಬಗ್ಗಿಸಿಕೊಂಡು ನಗು ನುಂಗಿದಳು. ಟೇಪನ್ನು ಅವನ ಕಾಲಿಗೆ ಸುತ್ತಿದಳು. ಅವನು ತನ್ನ ಬೈತಲೆಯನ್ನೇ ನೋಡುತ್ತಿದ್ದಾನೆ ಎಂದು ತಲೆಯೆತ್ತದೆಯೇ ಗೊತ್ತಾಗುತ್ತಿತ್ತು. ಅಂಕಿ ನೋಡಿದಳು. ಮರೆತಳು. ಇನ್ನೊಮ್ಮೆ ಸುತ್ತಿದಳು.

"ಮೊದಲನೇ ಸಲ ಸರಿಯಾಗಿ ಬರಲಿಲ್ವಾ, ಮಿಸ್?"

"ಸುಮ್ನೆ ಕೂತ್ಕೊಳ್ಳಿ."

ಡಿಸೆಂಬರ್ ಬಂತೆಂದರೆ ಕಡಲ ದಂಡೆಯ ದಂಗ್ರಿಗಾ ಊರಿನಲ್ಲಿ ಗಂಡಸರ ಕಾಲಿನದೇ ಮಾತು. ಕ್ರಿಸ್‌ಮಸ್ ಬೆಳಿಗ್ಗೆಯಿಂದ ಜನವರಿ ಆರರವರೆಗೆ ಜಂಕನೂ ಕುಣಿತ ಮನೆಮನೆಯ ಅಂಗಳಕ್ಕೆ ಬರುತ್ತದೆ. ಬಿಳಿ ಅಂಗಿ, ಎದೆಯ ಮೇಲೆ ಅಡ್ಡ ಹಾದ ರಿಬ್ಬನ್ನು, ಗರಿಯ ಕಿರೀಟ, ಗುಲಾಬಿ ಬಣ್ಣ ಬಳಿದ ತಂತಿಬಲೆಯ ಮುಖವಾಡ, ಮೊಣಕಾಲಿಗೆ ಚಿಪ್ಪಿನ ಗೆಜ್ಜೆ. ಅಲ್ಲಿ ಕುಣಿಯುವವನು ಡೋಲಿನ ಹಿಂದೆ ಹೋಗುವುದಿಲ್ಲ. ಡೋಲೇ ಅವನ ಕಾಲಿನ ಹಿಂದೆ ಹೋಗುತ್ತದೆ. ಕಾಲು ನಿಂತರೆ ಅದೂ ನಿಲ್ಲುತ್ತದೆ. ಈ ವರ್ಷ ತಂಡದ ಮುಂದಾಳು ಎರಾಸ್ಮೊ. ಅವನ ಚಿಕ್ಕಪ್ಪ ಸಾಯುವ ಮುಂಚೆ ಕಿರೀಟವನ್ನು ಅವನ ಕೈಗಿಟ್ಟಿದ್ದ.

ತಂಡದ ಬಟ್ಟೆ ಹೊಲಿಯುವುದು ಮಾರ್ಸೆಲಿನಾಳ ಕೆಲಸವಾಗಿತ್ತು. ಕಣ್ಣು ಮಂದವಾದ ಮೇಲೆ ಅದು ಸೊಸೆಗೆ ಬಂತು. ಬಸೀಲಿಯ ಹಗಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಸಂಜೆ ಸೂಜಿ ಹಿಡಿಯುತ್ತಿದ್ದಳು.

ನವೆಂಬರಿನಲ್ಲಿ ಎರಾಸ್ಮೊ ಮೊದಲ ಸಲ ಬಂದಾಗ ಗೆಜ್ಜೆಯ ದಾರ ಹರಿದಿದೆ ಅಂದಿದ್ದ. ಹರಿದ ದಾರಕ್ಕೆ ಎಳೆ ಬಿಟ್ಟಿರುತ್ತದೆ. ಇದರ ತುದಿ ಚಾಕು ಹಾಕಿದಂತೆ ನುಣ್ಣಗಿತ್ತು. ಅವಳು ಏನೂ ಹೇಳದೆ ಹೊಲಿದುಕೊಟ್ಟಳು. ಆಮೇಲೆ ಗೆಜ್ಜೆ ಗಿಡ್ಡವಾಗತೊಡಗಿತು. ಪ್ರತಿ ಸಲವೂ ತಿರುಗಿಸಿ ನೋಡುತ್ತಿದ್ದಳು. ಒಳಗಿನ ಹೊಲಿಗೆ ತನ್ನದೇ, ಯಾರೂ ಬಿಚ್ಚಿಲ್ಲ. ಬೆವರಿಗೆ ಬಟ್ಟೆ ಕುಗ್ಗಿರಬೇಕು ಅಂದುಕೊಂಡಳು. ಇಲ್ಲ, ಇವನೇ ಏನೋ ಆಟ ಹೂಡಿದ್ದಾನೆ ಅಂದುಕೊಂಡಳು. ಯೋಚನೆ ಅಲ್ಲಿಗೆ ನಿಲ್ಲುತ್ತಿತ್ತು. ಅದನ್ನು ಮುಂದಕ್ಕೆ ತಳ್ಳುವುದು ಅವಳಿಗೆ ಬೇಕಿರಲಿಲ್ಲ.

ಮೊದಲು ಕೆಂಪು ತುಂಡೊಂದನ್ನು ಸೇರಿಸಿದ್ದಳು. ಈ ಸಲ ಗಟ್ಟಿ ಬಟ್ಟೆ ಕೈಗೆ ಸಿಗಲಿಲ್ಲ. ಪೆಟ್ಟಿಗೆಯ ತಳದಲ್ಲಿ ಕಪ್ಪು ಲಂಗವಿತ್ತು. ಅದರ ಅಂಚನ್ನು ಕತ್ತರಿಸಿ ಗೆಜ್ಜೆಗೆ ಹೊಲಿದಳು.

ಅದು ಅವಳು ಗಂಡನ ಸೂತಕಕ್ಕೆ ಉಟ್ಟ ಲಂಗ.

*

ಗಂಡ ನೋಯೆಲ್ ಸತ್ತಿದ್ದು ನ್ಯುಮೋನಿಯದಿಂದ ಎಂದು ಊರಿಗೆ ಗೊತ್ತು. ಅದರ ಹಿಂದೆ ಏನಿತ್ತು ಎನ್ನುವುದು ಆಸ್ಪತ್ರೆಯವರಿಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಆಮೇಲೆ ಅವಳಿಗೂ ಪರೀಕ್ಷೆ ಮಾಡಿದರು. ವರ್ಷ ತುಂಬಿದಾಗ ಸೂತಕ ಕಳೆಯಲು ಹೆಂಗಸರೆಲ್ಲ ಸೇರಿ ಅವಳನ್ನು ಬೆಳಗಿನ ಜಾವ ಸಮುದ್ರಕ್ಕಿಳಿಸಿದರು. ಕಪ್ಪಿನಲ್ಲಿ ಇಳಿದವಳು ಹಳದಿ ಉಟ್ಟು ಮೇಲೆ ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತನಗೆ ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಗಿತ್ತು.

ಆಗಾಗ ಅವಳು ದಕ್ಷಿಣಕ್ಕೆ ಹೋಗುವ ಬಸ್ಸು ಹತ್ತುತ್ತಿದ್ದಳು. ಟೀಚರುಗಳ ಮೀಟಿಂಗು ಅನ್ನುತ್ತಿದ್ದಳು. ಅಲ್ಲಿ, ತನ್ನನ್ನು ಯಾರೂ ಅರಿಯದ ಊರಿನ ಕ್ಲಿನಿಕ್ಕಿನಲ್ಲಿ, ಸಿಸ್ಟರ್ ಓಡೆಟ್ ಮೂತ್ರ ಹಿಡಿಯಲು ಪುಟ್ಟ ಡಬ್ಬಿ ಕೊಟ್ಟು ಪ್ರತಿಸಲವೂ ಅದೇ ಪ್ರಶ್ನೆ ಕೇಳುತ್ತಿದ್ದಳು.

"ಬೆಳಿಗ್ಗೆ ಮುಖ ಊದುತ್ತಾ?"

"ಇಲ್ಲ."

"ಕಾಲು ಬಾವು? ಮೂತ್ರದಲ್ಲಿ ನೊರೆ? ರಾತ್ರಿ ಪದೇಪದೇ ಏಳ್ತೀಯಾ? ಸುಮ್ಮಸುಮ್ಮನೆ ಸುಸ್ತು?"

"ಇಲ್ಲ, ಇಲ್ಲ, ಇಲ್ಲ, ಇಲ್ಲ."

"ಹಾಜರಿ ಕೂಗಿದ ಹಾಗೆ ಹೇಳಬೇಡ ಮಾರಾಯ್ತಿ. ಈ ವೈರಸ್ಸು ಕಿಡ್ನಿಗೂ ಕೈ ಹಾಕುತ್ತೆ. ನೋವಾಗಲ್ಲ, ಅದೇ ಅದರ ಕಪಟ. ಮೈ ಬೇರೆ ಥರ ಹೇಳುತ್ತೆ, ನಾವು ಕೇಳಿಸ್ಕೋಬೇಕು."

ಬಸೀಲಿಯ ತಲೆಯಾಡಿಸಿ ಮಾತ್ರೆ ತೆಗೆದುಕೊಂಡು ಬರುತ್ತಿದ್ದಳು. ಡಬ್ಬಿ ಅಲ್ಲಾಡಿದರೆ ಸದ್ದಾಗದಂತೆ ಹತ್ತಿ ತುಂಬಿ ದಾರದ ಉಂಡೆಗಳ ಕೆಳಗೆ ಇಡುತ್ತಿದ್ದಳು. ಹೊಲಿಗೆ ಮಾಡುವವರ ಮನೆಯಲ್ಲಿ ಹತ್ತಿಗೆ ಬರವಿಲ್ಲ.

ಎರಾಸ್ಮೊನ ವಿಷಯದಲ್ಲಿ ಅವಳು ಅನೇಕ ಸಲ ಒಂದು ತೀರ್ಮಾನಕ್ಕೆ ಬಂದಿದ್ದಳು. ಮುಂದಿನ ಸಲ ಬಂದರೆ ಗೆಜ್ಜೆ ಇಸಿದುಕೊಂಡು ಒಳಗೆ ಹೋಗಿಬಿಡಬೇಕು. ಹೇಳಬೇಕಾದದ್ದನ್ನು ಹೇಳುವ ಧೈರ್ಯವಿಲ್ಲ. ಹೇಳದೆ ಅವನ ಎದುರು ಕೂರುವುದು ಮೋಸ. ಅವನು ಬರುತ್ತಿದ್ದ. ಅವಳು ಕಾಫಿ ಇಡಲು ಏಳುತ್ತಿದ್ದಳು. ತೀರ್ಮಾನ ಎಲ್ಲಿ ಹೋಯಿತೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

*

ಒಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಅವನನ್ನು ದಂಡೆಯಲ್ಲಿ ಕಂಡಳು. ಅವನು ಯಾವಾಗಲೂ ಸಂಜೆಯ ಮನುಷ್ಯ. ಬೆಳಗಿನ ಬೆಳಕಿನಲ್ಲಿ ಅವನನ್ನು ನೋಡಿದ್ದು ಅದೇ ಮೊದಲು. ದೋಣಿಯ ಅಂಚಿಗೆ ಒರಗಿ ಕೂತಿದ್ದ. ಕಣ್ಣಿನ ಸುತ್ತ ಉಬ್ಬಿ ರೆಪ್ಪೆಗಳು ದಪ್ಪವಾಗಿದ್ದವು. ಇನ್ನಾರದೋ ಮುಖ ಹಾಕಿಕೊಂಡು ಬಂದಂತಿತ್ತು.

ಅವಳನ್ನು ನೋಡಿದ್ದೇ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ.

"ನಿನ್ನೆ ಜೋರಾಗಿತ್ತಾ ಪಾರ್ಟಿ?" ಅಂದಳು. ದನಿಯಲ್ಲಿ ಮುನಿಸು ಹೇಗೆ ಬಂತೋ.

"ನಾನು ಕುಡಿಯಲ್ಲ, ಮಿಸ್."

"ಹಾಗಾದ್ರೆ ಅತ್ತಿದ್ದೀರಾ?"

"ಮಧ್ಯಾಹ್ನದ ಹೊತ್ತಿಗೆ ಸರಿ ಹೋಗುತ್ತೆ." ನಗಲು ನೋಡಿದ. ಊದಿದ ಮುಖದಲ್ಲಿ ನಗು ಅರ್ಧಕ್ಕೇ ನಿಂತಿತು. "ಸಂಜೆ ಬಂದು ಸುಂದರನಾಗಿ ಕಾಣಿಸ್ತೀನಿ."

ಅವನು ಎದ್ದು ಹೋದ ರೀತಿ ಅವಳಿಗೆ ಹಿಡಿಸಲಿಲ್ಲ. ತೇವದ ಮರಳಿನಲ್ಲಿ ನಡೆದಂತೆ ಕಾಲೆಳೆದುಕೊಂಡು ಹೋದ. ಅವನು ಹೋದದ್ದು ಒಣ ಮರಳಿನ ಮೇಲೆ.

ಯಾರಿಗಾಗಿ ಅತ್ತಿರಬಹುದು? ಅವನಿಗೆ ಬೇರೆ ಯಾರಾದರೂ ಇದ್ದಾರೆಯೆ? ಇದ್ದರೆ ತನಗೇನು? ಮಕ್ಕಳಿಗೆ ಗುಣಾಕಾರ ಹೇಳಿಕೊಡುತ್ತಾ ಹಲಗೆಯ ಮೇಲೆ ಉತ್ತರ ತಪ್ಪು ಬರೆದಳು.

ಆ ಸಂಜೆ ಅವನು ಬಂದದ್ದು ಗೆಜ್ಜೆ ಹಿಡಿದುಕೊಂಡೇ. ಮಾರ್ಸೆಲಿನಾ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಸವರಿದಳು. ಕಣ್ಣಿಗೆ ಕಾಣದ್ದು ಅವಳ ಬೆರಳಿಗೆ ಕಾಣುತ್ತಿತ್ತು. ಕಪ್ಪು ತುಂಡಿನ ಮೇಲೆ ಬೆರಳು ನಿಂತಿತು. ಅವನು ಹೊರಟುಹೋಗುವ ತನಕ ಅವಳು ಬಾಯಿ ಬಿಡಲಿಲ್ಲ.

"ಇದು ನಿನ್ನ ಲಂಗದ್ದು."

"ಬೇರೆ ಬಟ್ಟೆ ಇರ್ಲಿಲ್ಲ, ಅತ್ತೆ."

"ಹುಚ್ಚು ಹುಡುಗಿ. ಸತ್ತವನ ಸೂತಕದ ಬಟ್ಟೇನ ತಗೊಂಡು ಬದುಕಿರೋನ ಕಾಲಿಗೆ ಕಟ್ಟಿದ್ದೀಯ. ನನ್ನ ಮಗ ಸುಮ್ನೆ ಇರ್ತಾನಾ? ಅವನೇ ಹಿಡ್ಕೊಂಡಿದ್ದಾನೆ. ಅದಕ್ಕೇ ಕಾಲು ಊದ್ತಾ ಇದೆ."

ಕಾಲು ಊದುತ್ತಿದೆ. ಆ ಮಾತು ಬಸೀಲಿಯಳಿಗೆ ಹೊಸದಾಗಿ ಕೇಳಿಸಿತು. ಇಷ್ಟು ದಿನ ಅವಳ ಲೆಕ್ಕದಲ್ಲಿ ಗೆಜ್ಜೆ ಗಿಡ್ಡವಾಗುತ್ತಿತ್ತು.

"ಅದಕ್ಕೂ ಮುಂಚೇನೇ ಗಿಡ್ಡ ಆಗ್ತಿತ್ತಲ್ಲ," ಅಂದಳು.

"ಹೆಂಡತಿಯ ಮನಸ್ಸು ಬೇರೆ ಕಡೆ ಹೋದ ದಿನವೇ ಸತ್ತೋರಿಗೆ ಗೊತ್ತಾಗುತ್ತೆ. ನಾನು ಬಯ್ತಾ ಇಲ್ಲ ಕಣೇ. ನೀನು ಅವನ ಜೊತೆ ನಗೋದು ನನಗೂ ಇಷ್ಟವೇ. ಆದ್ರೆ ನನ್ನ ಮಗನನ್ನ ಕೇಳಿಕೊಂಡು ನಗಬೇಕಿತ್ತು."

ಬಸೀಲಿಯ ಆಗಲೇ ಕೂತು ಕಪ್ಪು ತುಂಡನ್ನು ಬಿಚ್ಚಿ ನೀಲಿಯದನ್ನು ಹಾಕಿದಳು. ಗೋಡೆಯ ಮೇಲಿನ ನೋಯೆಲ್‌ನ ಫೋಟೊದ ಮುಂದೆ ನಿಂತು, "ಬಿಟ್ಟುಬಿಡಿ ಅವನನ್ನ," ಅಂದಳು. ಫೋಟೊದಲ್ಲಿ ಅವನು ಮದುವೆಯ ದಿನದ ನಗು ನಗುತ್ತಿದ್ದ. ಬಿಡುತ್ತೇನೆ ಅನ್ನುತ್ತಿದ್ದಾನೋ ಬಿಡುವುದಿಲ್ಲ ಅನ್ನುತ್ತಿದ್ದಾನೋ ತಿಳಿಯಲಿಲ್ಲ.

*

ಭಾನುವಾರ ಮಧ್ಯಾಹ್ನ ದಂಡೆಯ ತೆಂಗಿನಮರಗಳ ಕೆಳಗೆ ಅಭ್ಯಾಸ. ಕ್ರಿಸ್‌ಮಸ್ಸಿಗೆ ಇನ್ನು ಕೆಲವೇ ದಿನ. ಬಸೀಲಿಯ ಕಿರೀಟದ ಅಳತೆ ನೋಡಲು ಬಂದಿದ್ದಳು. ಅದು ನೆಪ ಎಂದು ಡೋಲಿನವನಿಗೂ ಗೊತ್ತಿತ್ತು.

ಎರಾಸ್ಮೊ ಮುಖವಾಡ ಹಾಕಿಕೊಂಡು ಬಂದ. ಗುಲಾಬಿ ಕೆನ್ನೆ, ತೆಳು ಮೀಸೆ, ಅಲುಗದ ಕಣ್ಣು. ತೋಳುಗಳನ್ನು ಅರ್ಧ ಚಾಚಿ ಮೊಣಕಾಲು ಬಗ್ಗಿಸಿದ. ಚಿಪ್ಪು ಝಲ್ಲೆಂದಿತು, ಡೋಲು ಹಿಡಿದುಕೊಂಡಿತು. ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ಆಮೇಲೆ ಕಾಲು ತಡವರಿಸಿತು. ಡೋಲೂ ತಡವರಿಸಿತು.

"ಏನಯ್ಯಾ, ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀಯ? ಕೆಸರಿಗಾ?" ಅಂತ ಡೋಲಿನವನು ಕೂಗಿದ. ಎಲ್ಲರೂ ನಕ್ಕರು.

ಎರಾಸ್ಮೊ ಕೈಯೆತ್ತಿ ಸನ್ನೆ ಮಾಡಿ ಪಕ್ಕಕ್ಕೆ ಬಂದು, ಮಗುಚಿಟ್ಟ ದೋಣಿಯ ಮೇಲೆ ಕೂತ. ಮುಖವಾಡ ತೆಗೆಯಲಿಲ್ಲ. ಬಗ್ಗಿ ಗೆಜ್ಜೆಯ ಗಂಟು ಬಿಚ್ಚಿದ. ಬೇರೆಯವರು ಮತ್ತೆ ಕುಣಿತಕ್ಕೆ ತಿರುಗಿದರು.

ಬಸೀಲಿಯ ಹತ್ತಿರ ಬಂದಳು. "ಮತ್ತೆ ಬಿಗಿಯಾ?" ಎಂದು ನಗುತ್ತಲೇ ಕೇಳಿದವಳು ನಿಂತುಬಿಟ್ಟಳು.

ಗೆಜ್ಜೆ ಅವನ ಕೈಯಲ್ಲಿತ್ತು. ಕಾಲಿನ ಮೇಲೆಯೂ ಇತ್ತು. ಒಂದೊಂದು ಚಿಪ್ಪೂ ತನ್ನ ಆಕಾರವನ್ನು ಚರ್ಮದಲ್ಲಿ ಬಿಟ್ಟು ಹೋಗಿತ್ತು. ಸಾಲಾಗಿ ಸಣ್ಣ ಸಣ್ಣ ಗುಳಿಗಳು. ಅವು ತುಂಬಿಕೊಳ್ಳುತ್ತವೆ ಎಂದು ಕಾದಳು. ತುಂಬಲಿಲ್ಲ.

ಮಂಡಿಯೂರಿ ಅವನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದಳು. ತೆಗೆದಳು. ಹೆಬ್ಬೆರಳಿನ ಗುರುತು ಹಾಗೇ ಉಳಿಯಿತು, ಹಸಿ ಮರಳಿನಲ್ಲಿ ಉಳಿದಂತೆ.

ಮೈ ಬೇರೆ ಥರ ಹೇಳುತ್ತೆ.

"ಮುಖವಾಡ ತೆಗೀರಿ," ಅಂದಳು.

"ಎಲ್ಲರೂ ನೋಡ್ತಾರೆ, ಮಿಸ್."

"ತೆಗೀರಿ."

ತೆಗೆದ. ಮಧ್ಯಾಹ್ನವಾಗಿದ್ದರೂ ಕಣ್ಣಿನ ಕೆಳಗೆ ಊತ ಇಳಿದಿರಲಿಲ್ಲ.

"ಒಂದು ಕೇಳ್ತೀನಿ. ನಗಬಾರದು."

ಅವನ ಮುಖ ಒಮ್ಮೆಲೆ ಹುಡುಗನ ಮುಖವಾಯಿತು. ಈ ಮಾತಿಗೇ ಕಾದವನಂತೆ ಅಂಗಿಯ ಕಾಲರ್ ಸರಿಮಾಡಿಕೊಂಡ. "ಕೇಳಿ."

"ಮೂತ್ರದಲ್ಲಿ ನೊರೆ ಬರುತ್ತಾ?"

ಅವನು ಬಾಯಿ ತೆರೆದ. ಮುಚ್ಚಿದ. ಆಮೇಲೆ ದೋಣಿ ಅಲುಗುವಷ್ಟು ನಕ್ಕ. "ಅಲ್ಲ ಮಿಸ್, ಜಂಕನೂ ಕುಣಿಯೋನನ್ನ ಹೆಣ್ಣುಮಕ್ಕಳು ಏನೇನೋ ಕೇಳ್ತಾರೆ. ಇದನ್ನ ಮಾತ್ರ ಯಾರೂ ಕೇಳಿರ್ಲಿಲ್ಲ!"

"ಬರುತ್ತಾ ಇಲ್ವಾ?"

ಅವಳ ದನಿ ಕೇಳಿ ನಗು ಇಳಿಯಿತು. "ಬಿಯರ್ ಸುರಿದ ಹಾಗೆ ಬರುತ್ತೆ. ಎಲ್ಲರಿಗೂ ಹಾಗೇ ಅಂದ್ಕೊಂಡಿದ್ದೆ."

"ರಾತ್ರಿ ಏಳ್ತೀರಾ?"

"ನಿದ್ದೇನೇ ಇಲ್ಲ. ಯಾರನ್ನೋ ನೆನೆಸ್ಕೊಂಡು ಅಂದ್ಕೊಂಡಿದ್ದೆ." ನೆಲ ನೋಡಿದ. "ಮೂರ್ನಾಲ್ಕು ಸಲ ಏಳ್ತೀನಿ."

"ನಾಳೇನೇ ಡಾಕ್ಟರ ಹತ್ರ ಹೋಗಬೇಕು. ಇದು ಕಿಡ್ನಿ."

"ಜನವರಿ ಆರು ಮುಗೀಲಿ. ಚಿಕ್ಕಪ್ಪ ಕೊಟ್ಟ ಕಿರೀಟ ಅದು. ಮೊದಲನೇ ವರ್ಷಾನೇ ಕೆಳಗಿಡೋಕಾಗುತ್ತಾ? ಆಮೇಲೆ ಅಜ್ಜಿ ಹೇಳ್ತಾರಲ್ಲ, ನಿಮ್ಮ ಯಜಮಾನರು ಹಿಡಿದಿರೋದು ಅಂತ. ಊರೆಲ್ಲ ಅದನ್ನೇ ಹೇಳ್ತಿದೆ. ನೀವೇ ಒಂದು ಮಾತು ಹೇಳಿ ಬಿಡಿಸಿ."

"ನೋಯೆಲ್ ಸೋಮಾರಿ. ಹಿಡಿದಿದ್ರೆ ಒಂದು ಕಾಲು ಹಿಡೀತಿದ್ದ. ಎರಡೂ ಊದಿದೆ ನೋಡಿ."

ಗಂಡನ ಬಗ್ಗೆ ಅವಳು ತಮಾಷೆ ಮಾಡಿದ್ದು ಅವನು ಸತ್ತ ಮೇಲೆ ಇದೇ ಮೊದಲು. ಎದೆಯಲ್ಲಿ ಏನೋ ಸಡಿಲವಾದಂತಾಯಿತು. ಅದು ನೋವೋ ಹಗುರವೋ ತಿಳಿಯಲಿಲ್ಲ.

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಅಂದ ಎರಾಸ್ಮೊ.

ಪುಸ್ತಕದಲ್ಲಿ ಓದಿದೆ. ಉತ್ತರ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಟೀಚರಿಗೆ ಒಪ್ಪುವ ಉತ್ತರ. ಆದರೆ ಪುಸ್ತಕದ ಮಾತಿಗೆ ಇವನು ಜನವರಿವರೆಗೂ ಕಾಯುತ್ತಾನೆ. ಅಷ್ಟು ದಿನ ಊದಿದ ಕಾಲಿನಲ್ಲಿ ಮನೆಮನೆಗೆ ಕುಣಿಯುತ್ತಾನೆ. ನೋಯೆಲ್ ಕೂಡ ಹಬ್ಬ ಮುಗಿಯಲಿ ಅಂದಿದ್ದ.

"ನನ್ನನ್ನ ಕೇಳ್ತಾರೆ, ಹೋದಾಗಲೆಲ್ಲ," ಅಂದಳು. ತನ್ನ ದನಿ ಪಕ್ಕದ ಮನೆಯಿಂದ ಬಂದಂತೆ ಕೇಳಿಸಿತು. "ನಾನು ಎಚ್‌ಐವಿಗೆ ಮಾತ್ರೆ ತಗೋತೀನಿ, ಎರಾಸ್ಮೊ. ಅದಿರೋರಿಗೆ ಕಿಡ್ನಿ ಕೆಡಬಹುದು. ಅದಕ್ಕೇ ಈ ಪ್ರಶ್ನೆಯೆಲ್ಲ ಕೇಳ್ತಾರೆ. ನಿಮ್ಮದು ಯಾಕೆ ಕೆಟ್ಟಿದೆಯೋ ನನಗೆ ಗೊತ್ತಿಲ್ಲ. ಲಕ್ಷಣ ಮಾತ್ರ ಗೊತ್ತು."

ಅವನು ಎದ್ದ. ನೀರಿನ ಕಡೆಗೆ ನಡೆದ. ಅಲೆ ಅವನ ಪಾದಕ್ಕೆ ಬಂದು ಹಿಂದೆ ಹೋಯಿತು. ಅವನು ಅಲ್ಲೇ ನಿಂತಿದ್ದ, ಬೆನ್ನು ಮಾಡಿ.

ಮುಗಿಯಿತು ಅಂದುಕೊಂಡಳು ಬಸೀಲಿಯ. ಗೆಜ್ಜೆಯನ್ನು ಮಡಚಿ ದೋಣಿಯ ಮೇಲೆ ಇಟ್ಟಳು. ಬೇಸರವಾಗಬೇಕಿತ್ತು. ಬದಲಿಗೆ ಹಸಿವಾಗುತ್ತಿತ್ತು. ಮೈಗೆ ನಾಚಿಕೆಯೇ ಇಲ್ಲ ಅನ್ನಿಸಿತು.

ಅವನು ತಿರುಗಿ ಬಂದ.

"ಯಾವ ಬಸ್ಸು?" ಅಂದ.

"ಏನು?"

"ಮಾತ್ರೆ ತರೋಕೆ ಯಾವ ಬಸ್ಸಿಗೆ ಹೋಗ್ತೀರಿ?"

"ದಕ್ಷಿಣದ್ದು. ಟೀಚರುಗಳ ಮೀಟಿಂಗು ಅಂತ ಹೇಳಿ."

ಅವನು ಮೆಲ್ಲನೆ ತಲೆಯಾಡಿಸಿದ. "ನಾನು ಪಶ್ಚಿಮದ್ದು. ಎಂಜಿನ್ ಪಾರ್ಟು ಅಂತ ಹೇಳಿ."

ಅರ್ಥವಾಗುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಒಂದೇ ಬಸ್‌ಸ್ಟ್ಯಾಂಡು. ಒಬ್ಬರು ಆ ಕಡೆಯ ಬೆಂಚಿನಲ್ಲಿ, ಒಬ್ಬರು ಈ ಕಡೆಯ ಬೆಂಚಿನಲ್ಲಿ. ಬಹುಶಃ ಒಂದೇ ಬೆಳಿಗ್ಗೆ. ನಗು ಬಂತು, ಅಳು ಬಂತು, ಅವೆರಡಕ್ಕಿಂತ ಮುಂಚೆ ಸಿಟ್ಟು ಬಂತು.

"ಮಾತ್ರೆ ತಗೊಳ್ತಿದ್ದೀರಾ?"

ಅವನು ದೋಣಿಯ ಮೇಲಿನ ಗೆಜ್ಜೆ ಎತ್ತಿಕೊಂಡು ಚಿಪ್ಪು ಸವರತೊಡಗಿದ.

"ಎರಾಸ್ಮೊ!"

"ಲಾಬ್‌ಸ್ಟರ್ ಹಿಡಿಯೋಕೆ ದ್ವೀಪಕ್ಕೆ ಹೋದಾಗ ನಿಂತುಹೋಯ್ತು. ಒಂದೇ ಗುಡಿಸಲಲ್ಲಿ ಎಲ್ಲರೂ ಮಲಗೋದು. ಡಬ್ಬಿ ತೆಗೆದ್ರೆ ಸದ್ದಾಗುತ್ತೆ, ಏನದು ಅಂತ ಕೇಳ್ತಾರೆ. ಬಿಟ್ಟರೂ ಏನೂ ಆಗಲಿಲ್ಲ. ಚೆನ್ನಾಗೇ ಇದ್ದೆ. ಆಮೇಲೆ ಹೋಗೋಕೆ ಮುಖ ಇರ್ಲಿಲ್ಲ."

"ಹತ್ತಿ," ಅಂದಳು.

"ಏನು?"

"ಹತ್ತಿ ತುಂಬಬೇಕು ಡಬ್ಬಿಗೆ. ಸದ್ದಾಗಲ್ಲ." ಈಗ ಅಳು ಬಂದೇಬಿಟ್ಟಿತು. "ಕೇಳಿದ್ರೆ ನಾನು ಕೊಡ್ತಿದ್ದೆ. ಮನೆ ತುಂಬ ಇದೆ."

ಅವನು ಪಕ್ಕದಲ್ಲಿ ಕೂತ. ಮುಟ್ಟಲಿಲ್ಲ. ಅತ್ತ ಡೋಲಿನವನು ಇತ್ತಲೇ ನೋಡುತ್ತಿದ್ದ.

"ಹಾಗಾದ್ರೆ ಗೆಜ್ಜೆ ನಿಜವಾಗಲೂ ಬಿಗಿಯಾಗ್ತಿತ್ತು," ಅಂದಳು ಕಣ್ಣು ಒರೆಸಿಕೊಂಡು. "ನಾನೇ ಏನೇನೋ ಅಂದ್ಕೊಂಡೆ."

"ಮೊದಲನೇ ಸಲ ದಾರ ಕತ್ತರಿಸಿದ್ದು ನಾನೇ."

"ಗೊತ್ತು."

"ಗೊತ್ತಿತ್ತಾ?"

"ಮೀನು ಕೊಯ್ಯೋ ಚಾಕು. ವಾಸನೆ ಬರ್ತಿತ್ತು."

ಅವನ ಕಿವಿ ಕಪ್ಪುಗೆಂಪಾಯಿತು. "ಎರಡನೇ ಸಲಕ್ಕೆ ಏನು ನೆಪ ಹೇಳಲಿ ಅಂತ ಹುಡುಕ್ತಾ ಇದ್ದೆ. ಕಾಲೇ ನೆಪ ಕೊಡ್ತು. ಹೆದರಿಕೆ ಆಯ್ತು, ಮಿಸ್. ಖುಷೀನೂ ಆಯ್ತು. ಖುಷೀನ ಇಟ್ಕೊಂಡು ಹೆದರಿಕೇನ ಪಕ್ಕಕ್ಕಿಟ್ಟೆ."

"ಒಂದು ದಿನವಾದರೂ ಬಾಯಿ ಬಿಟ್ಟು ಹೇಳಲಿಲ್ಲ ನೀವು."

"ಏನಂತ ಹೇಳಲಿ? ನೀವ್ಯಾಕೆ ಹೇಳಲಿಲ್ವೋ ನಾನೂ ಅದಕ್ಕೇ ಹೇಳಲಿಲ್ಲ."

*

ಮಾರನೆಯ ದಿನ ಇಬ್ಬರೂ ದಕ್ಷಿಣದ ಬಸ್ಸು ಹತ್ತಿದರು. ಬಸ್‌ಸ್ಟ್ಯಾಂಡಿನಲ್ಲಿ ಇದ್ದವರೆಲ್ಲ ನೋಡಿದರು. ಮಧ್ಯಾಹ್ನದೊಳಗೆ ಊರಲ್ಲಿ ಅವರ ಮದುವೆಯೇ ಆಗಿಹೋಗಿತ್ತು.

ಸಿಸ್ಟರ್ ಓಡೆಟ್ ಕನ್ನಡಕದ ಮೇಲಿಂದ ನೋಡಿದಳು. "ಒಟ್ಟಿಗೆ ಬಂದಿದ್ದೀರಾ?"

"ಒಂದೇ ಬಸ್ಸಲ್ಲಿ," ಅಂದ ಎರಾಸ್ಮೊ.

ಬಿಪಿ ನೋಡಿ ಸಿಸ್ಟರ ತಮಾಷೆ ನಿಂತಿತು. ಮೂತ್ರದಲ್ಲಿ ಅದ್ದಿದ ಕಾಗದದ ಪಟ್ಟಿ ಹಳದಿಯಿಂದ ಕಡುಹಸಿರಾಯಿತು. ಮೈಯಲ್ಲಿ ಇರಬೇಕಾದ ಪ್ರೋಟೀನು ಸೋರಿಹೋಗುತ್ತಿದೆ, ಅದೇ ನೊರೆ, ಅದರಿಂದಲೇ ಊತ ಅಂದಳು. ಕಾಲು ಭಾರವೆಂದು ಅವನು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದುದು ತಿಳಿದಾಗ, "ಬೆಂಕಿಗೆ ಸೀಮೆಣ್ಣೆ ಹೊಯ್ದಿದ್ದೀಯಲ್ಲಪ್ಪಾ!" ಎಂದು ಕೂಗಿದಳು. ರಕ್ತ ತೆಗೆದರು. ದೊಡ್ಡಾಸ್ಪತ್ರೆಯ ಡಾಕ್ಟರ ಹತ್ತಿರ ಕಳಿಸಿದರು.

ಡಾಕ್ಟರು ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. "ಸ್ವಲ್ಪ ಹಾಳಾಗಿದೆ, ಅದು ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೋಬಹುದು. ವೈರಸ್ಸಿನ ಮಾತ್ರೆ ಮತ್ತೆ ಶುರು ಮಾಡಬೇಕು, ಬಿಡೋ ಹಾಗಿಲ್ಲ. ಕಿಡ್ನಿಗೆ ತಕ್ಕ ಹಾಗೆ ಆರಿಸಿ ಕೊಡ್ತೀನಿ. ಬಿಪಿಗೆ, ಸೋರೋದಕ್ಕೆ ಬೇರೆ. ಉಪ್ಪು ಕಡಿಮೆ."

"ಕುಣಿತ?"

"ಈ ಬಿಪಿಯಲ್ಲಾ? ಈ ವರ್ಷ ಬೇಡ."

"ಕ್ರಿಸ್‌ಮಸ್ ಮುಗಿಸಿ ಬಂದಿದ್ರೆ?" ಬಸೀಲಿಯ ಕೇಳಿದಳು.

ಡಾಕ್ಟರು ಅವಳ ಮುಖ ನೋಡಿ ಮತ್ತೆ ಮಾತ್ರೆಯ ಚೀಟಿ ಬರೆಯತೊಡಗಿದಳು.

ವಾಪಸು ಬರುವ ಬಸ್ಸಿನಲ್ಲಿ ಅವನು ಕಿಟಕಿಯಾಚೆ ಕಿತ್ತಳೆ ತೋಟಗಳನ್ನು ನೋಡುತ್ತಾ ಕೂತಿದ್ದ. ಬಸ್ಸು ಹಳ್ಳಕ್ಕಿಳಿದಾಗ ಜೇಬಿನಲ್ಲಿ ಹೊಸ ಡಬ್ಬಿ ಗಲಗಲ ಅಂದಿತು. ಬಸೀಲಿಯ ಚೀಲದಿಂದ ಹತ್ತಿ ತೆಗೆದಳು. ಅವನು ಅವಳ ಕೈ ಹಿಡಿದು ತಡೆದ.

"ಬೇಡ. ಸದ್ದು ಮಾಡಲಿ."

ಹಿಡಿದ ಕೈಯನ್ನು ಅವನು ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ. ತನಗೆ ಈಗ ಆಗುತ್ತಿರುವುದು ಸಂತೋಷವೇ ಎಂದು ಅವಳು ಯೋಚಿಸುತ್ತಿದ್ದಳು. ಬಹಳ ದಿನದ ಮೇಲೆ ಬಂದ ನೆಂಟರ ಗುರುತು ಹತ್ತದ ಹಾಗೆ.

*

ಜನವರಿ ಆರರಂದು ಕುಣಿತ ಮಾರ್ಸೆಲಿನಾಳ ಅಂಗಳಕ್ಕೆ ಬಂತು. ಕಿರೀಟ ಎರಾಸ್ಮೊನ ದಾಯಾದಿಯ ತಲೆಯ ಮೇಲಿತ್ತು. ಎರಾಸ್ಮೊ ಜಗಲಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದ. ಎದುರಿಗೆ ಕುಟ್ಟಿದ ಬಾಳೆಕಾಯಿ, ತೆಂಗಿನಹಾಲಿನ ಮೀನುಸಾರು.

"ಇದಕ್ಕೆ ಉಪ್ಪೇ ಇಲ್ವಲ್ಲ ಅಜ್ಜಿ."

"ಈ ಮನೇಲಿ ಇನ್ನು ಉಪ್ಪಿಲ್ಲ. ತಿಂದ್ರೆ ತಿನ್ನು, ಬಿಟ್ರೆ ಬಿಡು." ಮಾರ್ಸೆಲಿನಾ ಸೊಸೆಯ ಕಡೆಗೆ ತಿರುಗಿ ದನಿ ತಗ್ಗಿಸಿದಳು. "ನನಗೆ ಕಣ್ಣು ಮಂದ ಕಣೇ, ಕಿವಿ ಅಲ್ಲ. ದಾರದ ಬುಟ್ಟಿ ಕೆಳಗಿಂದ ದಿನಾ ಡಬ್ಬಿ ತೆಗೆಯೋದು ನನಗೆ ಕೇಳಲ್ವಾ? ಹತ್ತಿ ತುಂಬಿದ್ರೂ ಮುಚ್ಚಳ ಟಕ್ ಅನ್ನುತ್ತೆ. ಆ ಸದ್ದು ನನ್ನ ಮಗನ ಕೋಣೇಲಿ ಕೇಳಿಸಲಿಲ್ವಲ್ಲ ಅಂತ ಅಳ್ತಿದ್ದೆ. ನಿನ್ನದು ಕೇಳಿಸಿದಾಗೆಲ್ಲ, ಸದ್ಯ ಅಂತಿದ್ದೆ."

ಅತ್ತೆ ಸೊಸೆಯ ಮಡಿಲಿಗೆ ಗೆಜ್ಜೆಯನ್ನು ಹಾಕಿದಳು. "ಹೋಗು, ಅಳತೆ ನೋಡು. ಕೂತೇ ಇದ್ದಾನೆ."

ಬಸೀಲಿಯ ಅವನ ಕಾಲಬಳಿ ಕೂತು ಪಟ್ಟಿ ಸುತ್ತಿದಳು. ನೀಲಿ ತುಂಡು ಇನ್ನು ಬೇಕಿರಲಿಲ್ಲ. ಕೆಂಪು ಬೇಕಿತ್ತು. ಅದು ಯಾವತ್ತೂ ಬೇಕಾಗಬಹುದು.

"ಪೂರ್ತಿ ಸರಿ ಹೋಗದಿದ್ರೆ?" ಅಂದ ಅವನು, ಅವಳಿಗೆ ಮಾತ್ರ ಕೇಳುವಂತೆ. "ನಾಳೆ ಮತ್ತೆ ಊದಿದ್ರೆ? ಯೋಚನೆ ಮಾಡು, ಬಸೀಲಿಯಾ."

ಮಿಸ್ ಅನ್ನಲಿಲ್ಲ. ಅವಳು ಗಂಟು ಹಾಕುತ್ತಿದ್ದ ಕೈ ನಿಲ್ಲಿಸಿದಳು.

"ಯೋಚನೆ ಮಾಡೋಕೆ ಹೋದ್ರೆ ನನಗೆ ಎಲ್ಲಾ ಕಲಸಿಕೊಳ್ಳುತ್ತೆ," ಅಂದಳು. "ಊದಿದ್ರೆ ಬಾ. ಇಳಿದ್ರೂ ಬಾ. ಬಟ್ಟೆ ಇದೆ ನನ್ನ ಹತ್ರ."

ಅವನು ಮೊಣಕಾಲು ಅಲ್ಲಾಡಿಸಿದ, ಒಮ್ಮೆ, ಮೆಲ್ಲಗೆ. ಚಿಪ್ಪು ಝಲ್ಲೆಂದಿತು. ಅಂಗಳದಲ್ಲಿ ಡೋಲಿನವನು ತಲೆಯೆತ್ತಿದ. ಕಿರೀಟದವನನ್ನು ಬಿಟ್ಟು, ಕೂತವನ ಕಾಲಿನ ಕಡೆಗೆ ತಿರುಗಿ, ಅದೇ ಮೆಲು ಪೆಟ್ಟು ಕೊಟ್ಟ. ಎರಾಸ್ಮೊ ಇನ್ನೊಮ್ಮೆ ಅಲ್ಲಾಡಿಸಿದ. ಡೋಲು ಮತ್ತೆ ಹಿಂದೆ ಬಂತು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬಸೀಲಿಯ ಗೆಜ್ಜೆಯ ಕೆಳಗೆ, ಎಲುಬಿನ ಮೇಲೆ, ಹೆಬ್ಬೆರಳು ಒತ್ತಿದಳು. ಕಾಲು ನಿಂತಿತು. ಡೋಲೂ ನಿಂತಿತು.

ಹೆಬ್ಬೆರಳು ತೆಗೆದಳು. ಸಣ್ಣ ಗುಳಿ. ಇಬ್ಬರೂ ಬಗ್ಗಿ ಅದನ್ನೇ ನೋಡಿದರು. ಅದು ನಿಧಾನವಾಗಿ, ಬಹಳ ನಿಧಾನವಾಗಿ, ತುಂಬಿಕೊಳ್ಳುತ್ತಿತ್ತು.

ಅದು ತುಂಬುವವರೆಗೂ ಡೋಲು ಕಾಯಿತು.